ಐರ್ಲೆಂಡಿನ ಜನಾಭಿಪ್ರಾಯವೂ ಕ್ಯಾಥೊಲಿಕ್ ಧರ್ಮಜೀವನವೂ

ಒಂದು ದೇಶದ ಬಹುಸಂಖ್ಯಾತರು ಒಂದೇ ಧರ್ಮಸಂಸ್ಥೆಗೆ ಸೇರಿದವರಾಗಿದ್ದರೆ, ಅಲ್ಲಿಯ ರಾಜಕೀಯದಲ್ಲಿಯೂ ಆ ಸಂಸ್ಥೆಯ ಗುರುಗಳ ಮಾತೇ ನಡೆಯುವುದೆಂದು ಊಹಿಸುವುದು ವಾಡಿಕೆ. ಈ ಊಹೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸುವವರಿಗೆ ಐರ್ಲೆಂಡಿನ ಇತಿಹಾಸವು ಅಪೂರ್ವವಾದ ಆಧಾರಗಳನ್ನು ಒದಗಿಸುತ್ತದೆ. ಆ ದೇಶದ ೧೯೩೭ರ ರಾಜ್ಯಾಂಗದಿಂದಲೇ ನಮ್ಮ ರಾಜ್ಯಾಂಗಕರ್ತರು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಕಲ್ಪನೆಯನ್ನು ಪಡೆದರೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆದರೆ ನಮ್ಮಲ್ಲಿಲ್ಲದ ಒಂದು ಕ್ರಮ ಅಲ್ಲಿದೆ. ರಾಜ್ಯಾಂಗದ ತಿದ್ದುಪಡಿಗೆ ಸಂಸತ್ತಿನ ಒಪ್ಪಿಗೆ ಮಾತ್ರ ಸಾಲದು. ಜನರ ನೇರವಾದ ಮತವೂ ಬೇಕು. ಆದುದರಿಂದ ಪ್ರತಿಯೊಂದು ಪ್ರಶ್ನೆಯಲ್ಲಿಯೂ ಜನಾಭಿಪ್ರಾಯವು ಅಂಕಿಗಳ ರೂಪದಲ್ಲಿ ಉಳಿದುಬಂದಿದೆ.

ಈ ರಾಜ್ಯಾಂಗದ ೪೪ನೆಯ ವಿಧಿಯು ಕ್ಯಾಥೊಲಿಕ್ ಧರ್ಮಸಭೆಗೆ ಒಂದು ವಿಶೇಷ ಸ್ಥಾನವನ್ನು ಕೊಟ್ಟಿದ್ದಿತು. ೪೧ನೆಯ ವಿಧಿಯು ವಿವಾಹ ವಿಚ್ಛೇದನದ ಶಾಸನವನ್ನೇ ನಿಷೇಧಿಸಿದ್ದಿತು. ಮೊದಲನೆಯದನ್ನು ೧೯೭೨ರಲ್ಲಿ ಜನರು ತೆಗೆದುಹಾಕಿದರು. ಮತವಿತ್ತವರಲ್ಲಿ ನೂರಕ್ಕೆ ೮೪ರಷ್ಟು ಮಂದಿ ಇದಕ್ಕೆ ಒಪ್ಪಿದರು. ಇದು ಶ್ರದ್ಧೆಯ ಕ್ಷಯವೇ? ಹಾಗೆನ್ನಲು ಬರುವುದಿಲ್ಲ. ಆ ವಿಧಿ ಹೋದರೆ ತಮಗೆ ವ್ಯಥೆಯಿಲ್ಲವೆಂದು ಕಾರ್ಡಿನಲ್ ವಿಲಿಯಂ ಕಾನ್ವೇ ಅವರೇ ೧೯೬೯ರಲ್ಲಿ ತಿಳಿಸಿದ್ದರು. ೧೯೭೩-೭೪ರ ಸಮೀಕ್ಷೆಯಲ್ಲಿ ಕ್ಯಾಥೊಲಿಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ವಾರಕ್ಕೊಮ್ಮೆಯಾದರೂ ಬಲಿಪೂಜೆಗೆ ಹೋಗುತ್ತಿದ್ದುದು ಕಂಡುಬಂದಿತು. ಧರ್ಮಸಭೆಗೆ ರಾಜ್ಯಾಂಗದಲ್ಲಿದ್ದ ಗೌರವ ಇಳಿದರೂ ಇಗರ್ಜಿಯ ಪೀಠಗಳು ಬರಿದಾಗಲಿಲ್ಲ.

ವಿಚ್ಛೇದನದ ಪ್ರಶ್ನೆ ಇನ್ನಷ್ಟು ಬೋಧಪ್ರದವಾದುದು. ೧೯೮೬ರ ಏಪ್ರಿಲ್‌ನಲ್ಲಿ ಪ್ರಧಾನಮಂತ್ರಿ ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಅವರ ಸರ್ಕಾರವು ನಿಷೇಧವನ್ನು ತೆಗೆಯುವ ಸೂಚನೆಯನ್ನು ಮುಂದಿಟ್ಟಾಗ, ಅಭಿಪ್ರಾಯ ಸಮೀಕ್ಷೆಗಳಲ್ಲಿ ಬಹುಮತ ಅದರ ಪರವಾಗಿಯೇ ಇದ್ದಿತು. ಜೂನ್ ೨೬ರಂದು ಮತದಾನವಾದಾಗ ನೂರಕ್ಕೆ ೬೩ಕ್ಕಿಂತ ಹೆಚ್ಚು ಮಂದಿ ಅದನ್ನು ತಿರಸ್ಕರಿಸಿದರು. ಬಿಷಪ್ಪರು ವಿರೋಧಿಸಿದುದು ನಿಜ. ಆದರೆ ಧರ್ಮಸಭೆಯ ಬೋಧನೆ ಏಪ್ರಿಲ್‌ನಲ್ಲಿಯೂ ಜನರಿಗೆ ತಿಳಿದೇ ಇದ್ದಿತು. ನಡುವಣ ವಾರಗಳಲ್ಲಿ ಹೊಸದಾಗಿ ಬಂದುದು ಆಸ್ತಿಯ ಚರ್ಚೆ. ಪುರುಷನು ಮರುಮದುವೆಯಾದರೆ ಮೊದಲ ಹೆಂಡತಿಯ ಮನೆ, ಜೀವನಾಂಶ, ಉತ್ತರಾಧಿಕಾರಗಳ ಗತಿಯೇನು? ವಂಶಪಾರಂಪರ್ಯವಾಗಿ ಬಂದ ಹೊಲ ಯಾರಿಗೆ ಸೇರತಕ್ಕದ್ದು? ಸ್ವಂತ ಸಂಪಾದನೆಯಿಲ್ಲದ ಗೃಹಿಣಿಯರೂ ಬೇಸಾಯದ ಕುಟುಂಬಗಳೂ ಬಹುವಾಗಿದ್ದ ನಾಡಿನಲ್ಲಿ ಈ ಪ್ರಶ್ನೆಗಳು ಮನೆಮನೆಯನ್ನೂ ತಟ್ಟಿದವು. ಇವುಗಳಿಗೆ ಜನರನ್ನು ಒಪ್ಪಿಸಬಲ್ಲ ಉತ್ತರ ಸರ್ಕಾರದಲ್ಲಿ ಸಿದ್ಧವಿರಲಿಲ್ಲ.

ಮುಂದೆ ೧೯೮೯ರ ಶಾಸನವು ದಂಪತಿಗಳು ಬೇರೆಯಾದಾಗ ಆಸ್ತಿಯನ್ನು ಹಂಚಿಕೊಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ೧೯೯೪ರಲ್ಲಿ, ಮಕ್ಕಳ ಮೇಲೆ ಪಾದ್ರಿಯೊಬ್ಬನು ನಡೆಸಿದ್ದ ದೌರ್ಜನ್ಯಕ್ಕೆ ಸಂಬಂಧಿಸಿದ ವಿವಾದದಲ್ಲಿ ಸರ್ಕಾರವೇ ಬಿದ್ದುಹೋಗಿ, ಧರ್ಮಗುರುಗಳ ನೈತಿಕ ಪ್ರಭಾವಕ್ಕೂ ಪೆಟ್ಟು ಬಿದ್ದಿತು. ೧೯೯೫ರ ನವೆಂಬರ್ ೨೪ರಂದು ಅದೇ ಪ್ರಶ್ನೆ ಮತ್ತೆ ಜನರ ಮುಂದೆ ಬಂದಿತು. ಪರವಾಗಿ ೮,೧೮,೮೪೨ ಮತಗಳೂ ವಿರುದ್ಧವಾಗಿ ೮,೦೯,೭೨೮ ಮತಗಳೂ ಬಿದ್ದವು. ಅಂತರ ಕೇವಲ ೯,೧೧೪. ಡಬ್ಲಿನ್ ನಗರ ಒಪ್ಪಿತು. ಗ್ರಾಮಪ್ರದೇಶಗಳಲ್ಲಿ ಬಹುಭಾಗ ಒಪ್ಪಲಿಲ್ಲ.

ಇಲ್ಲಿ ಒಂದು ಸರಳವಾದ ಲೆಕ್ಕವನ್ನು ಗಮನಿಸತಕ್ಕದ್ದು. ೧೯೯೧ರ ಜನಗಣತಿಯಂತೆ ದೇಶದ ಜನರಲ್ಲಿ ನೂರಕ್ಕೆ ೯೧ಕ್ಕಿಂತ ಹೆಚ್ಚು ಮಂದಿ ಕ್ಯಾಥೊಲಿಕರು. ಉಳಿದವರೆಲ್ಲರೂ ವಿಚ್ಛೇದನದ ಪರವಾಗಿಯೇ ಮತವಿತ್ತರೆಂದು ಭಾವಿಸಿದರೂ, ಪರವಾದ ಅರ್ಧದಷ್ಟು ಮತಗಳಲ್ಲಿ ಅವರ ಪಾಲು ಸಣ್ಣದೇ ಆಗುತ್ತದೆ. ಹೀಗಿರಲು ಬಿಷಪ್ಪರ ಸಲಹೆಯನ್ನು ಮೀರಿದವರಲ್ಲಿ ಬಹುಮಂದಿ ಕ್ಯಾಥೊಲಿಕರೇ ಆಗಿರಬೇಕು. ಅವರನ್ನು ಧರ್ಮತ್ಯಾಗಿಗಳೆಂದು ಎಣಿಸಲು ಆಧಾರವಿಲ್ಲ.

ಅನಂತರದ ವರ್ಷಗಳಲ್ಲಿ ಪೂಜೆಗೆ ಹೋಗುವವರ ಪ್ರಮಾಣವೂ ಬಹಳ ಇಳಿಯಿತು. ಸಲಿಂಗ ವಿವಾಹವನ್ನು ೨೦೧೫ರಲ್ಲಿ ನೂರಕ್ಕೆ ೬೨ ಮಂದಿಯೂ, ಗರ್ಭಪಾತದ ನಿಷೇಧದ ರದ್ದತಿಯನ್ನು ೨೦೧೮ರಲ್ಲಿ ೬೬ ಮಂದಿಯೂ ಅಂಗೀಕರಿಸಿದರು. ಆದರೂ ೨೦೨೨ರ ಜನಗಣತಿಯಲ್ಲಿ ತಾವು ಕ್ಯಾಥೊಲಿಕರೆಂದು ಬರೆಯಿಸಿದವರು ನೂರಕ್ಕೆ ೬೯ರಷ್ಟಿದ್ದರು.

ಜನಗಣತಿಯಲ್ಲಿ ಬರೆಯಿಸಿದ ಹೆಸರು, ಇಗರ್ಜಿಯಲ್ಲಿನ ಹಾಜರಿ, ಮತಪೆಟ್ಟಿಗೆಯ ತೀರ್ಪು ಇವು ಮೂರೂ ಬೇರೆ ಬೇರೆ ಸಾಕ್ಷ್ಯಗಳೆಂದು ಇದರಿಂದ ನಮಗೆ ಗೊತ್ತಾಗುತ್ತದೆ. ಮೊದಲನೆಯದು ಕುಲ ಮತ್ತು ಸ್ಮೃತಿಗಳನ್ನು ಹೇಳಬಹುದು, ಎರಡನೆಯದು ಆಚಾರವನ್ನು, ಮೂರನೆಯದರಲ್ಲಿ ಹೊಲ, ಮನೆ, ಮಕ್ಕಳ ಭವಿಷ್ಯ ಎಲ್ಲವೂ ಸೇರಿರುತ್ತವೆ. ಒಂದು ಸಮುದಾಯದ ಜನಸಂಖ್ಯೆಯಿಂದಲೇ ಅದರ ರಾಜಕೀಯಾಭಿಪ್ರಾಯವನ್ನು ನಿಗಮಿಸುವ ಲೇಖನಗಳನ್ನು ಓದುವಾಗ ನಮ್ಮ ವಿದ್ಯಾರ್ಥಿಗಳು ೧೯೮೬ರ ಆ ಒಂಬತ್ತು ವಾರಗಳನ್ನು ಜ್ಞಾಪಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆ ಅವಧಿಯಲ್ಲಿ ಯಾರ ಧರ್ಮವೂ ಬದಲಾಗಲಿಲ್ಲ. ಅಭಿಪ್ರಾಯ ಮಾತ್ರ ಬದಲಾಯಿತು.