ಶಸ್ತ್ರಚಿಕಿತ್ಸೆಗೆ ಮುನ್ನ ಸಂಗೀತ: ಪರಿಗಿ ಸೀಮೆಯ ಕಿವಿಯಿಂದ

ಪರಿಗಿ, ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮನೆಗಳಲ್ಲಿ 'ಆಪರೇಷನ್' ಎಂಬ ಮಾತು ಬಿದ್ದೊಡನೆ ಹುಟ್ಟುವುದು ದಿಗಿಲು. ಕನ್ನಡದ ದಿಗಿಲಿನಲ್ಲಿ ಥಟ್ಟನೆ ಎರಗುವ ಭಯವಿದೆ. ತೆಲುಗಿನ 'ದಿಗುಲು' ಎಂಬುದರಲ್ಲಿ ಮನಸ್ಸನ್ನು ಕುಗ್ಗಿಸುವ ಕೊರಗೂ ಬೆರೆತಿದೆ. ಬರೆಹದ ಭಾಷೆಗೆ ಬಂದರೆ ತೊಡಕು ಇನ್ನೂ ಹೆಚ್ಚು. ನಾವು 'ಆತಂಕ' ಎನ್ನುವುದು ತೆಲುಗಿನಲ್ಲಿ 'ಆಂದೋಳನ'; ತೆಲುಗಿನ 'ಆಟಂಕ'ವೆಂದರೆ ಅಡ್ಡಿ; ಕನ್ನಡದ 'ಆಂದೋಲನ'ವೋ ಬೀದಿಗಿಳಿದ ಚಳವಳಿ. ಇದು ಕೇವಲ ನಿಘಂಟಿನ ಕುತೂಹಲವಲ್ಲ. ರೋಗಿಯ ಆತಂಕವನ್ನು ವೈದ್ಯಕೀಯವು ಬಹುಮಟ್ಟಿಗೆ ಪ್ರಶ್ನಾವಳಿಯಿಂದಲೇ ಅಳೆಯುತ್ತದೆ. ಅಳೆಯುವ ಮಾತೇ ಜಾರಿದರೆ ಅಳತೆಯೂ ಜಾರುತ್ತದೆ.

ಆತಂಕವು ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಅದನ್ನು ತಗ್ಗಿಸಲು ಮಿಡಜೋಲಾಮ್‌ನಂಥ ಔಷಧ ಕೊಡುವುದು ವಾಡಿಕೆ. ಆದರೆ ಅದು ಮಂಪರು ತರಿಸುತ್ತದೆ, ಉಸಿರಾಟವನ್ನು ಕುಗ್ಗಿಸಬಲ್ಲದು. ಸಂಗೀತದತ್ತ ವೈದ್ಯರ ಗಮನ ಹರಿದದ್ದು ಹೊಸದೇನೂ ಅಲ್ಲ. ಅಮೆರಿಕದ ಶಸ್ತ್ರವೈದ್ಯ ಇವಾನ್ ಓನೀಲ್ ಕೇನ್ 1914ರಲ್ಲೇ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗ್ರಾಮಫೋನ್ ಬಳಸಿ ಅದರ ಬಗ್ಗೆ ಬರೆದಿದ್ದನು. 2013ರ ಕಾಕ್ರೇನ್ ಸಮೀಕ್ಷೆಯು 26 ಪ್ರಯೋಗಗಳನ್ನು, ಒಟ್ಟು 2,051 ರೋಗಿಗಳನ್ನು ಪರಿಶೀಲಿಸಿತು. 20ರಿಂದ 80ರವರೆಗೆ ಅಂಕವಿರುವ ಸ್ಪೀಲ್‌ಬರ್ಗರ್ ಮಾಪಕದಲ್ಲಿ, ಸಾಮಾನ್ಯ ಆರೈಕೆಯಷ್ಟನ್ನೇ ಪಡೆದವರಿಗಿಂತ ಸಂಗೀತ ಕೇಳಿದವರ ಆತಂಕ ಸರಾಸರಿ 5.72 ಅಂಕದಷ್ಟು ಹೆಚ್ಚು ಇಳಿದಿತ್ತು. ದೊಡ್ಡ ಇಳಿಕೆಯಲ್ಲ, ಕಡೆಗಣಿಸುವಂಥದ್ದೂ ಅಲ್ಲ. ತಾನು ಸಂಗೀತ ಕೇಳುತ್ತಿದ್ದೇನೆಂಬುದು ರೋಗಿಗೆ ತಿಳಿದೇ ಇರುವುದರಿಂದ ಇಂಥ ಪ್ರಯೋಗಗಳು ಪಕ್ಷಪಾತದಿಂದ ಪೂರ್ಣ ಮುಕ್ತವಾಗಲಾರವು.

2019ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡವು 157 ವಯಸ್ಕರ ಮೇಲೆ ನಡೆಸಿದ ಪ್ರಯೋಗ ಪ್ರಕಟವಾಯಿತು. ನರಕ್ಕೆ ಅರಿವಳಿಕೆ ಕೊಡುವ ಮುನ್ನ ಕೆಲವರಿಗೆ ಮಿಡಜೋಲಾಮ್, ಉಳಿದವರಿಗೆ ಹೊರಸದ್ದು ತಡೆಯುವ ಹೆಡ್‌ಫೋನಿನಲ್ಲಿ ಸಂಗೀತ. ಆತಂಕದ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಔಷಧ ಪಡೆದವರ ತೃಪ್ತಿ ಹೆಚ್ಚಾಗಿತ್ತು. ಸಂಗೀತದ ಗುಂಪಿನಲ್ಲಿ ವೈದ್ಯರಿಗೂ ರೋಗಿಗಳಿಗೂ ಪರಸ್ಪರ ಮಾತು ಕಷ್ಟವಾಯಿತು. ಎಲ್ಲರಿಗೂ ಕೇಳಿಸಿದ್ದು ಒಂದೇ ಕೃತಿ; ಆಯ್ಕೆ ಸಂಶೋಧಕರದು.

ತೌಲನಿಕ ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಕಿವಿ ನೆಟ್ಟಗಾಗುತ್ತದೆ. ನನ್ನ ತಾಯಿಯ ಮೊದಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ದಿನ, ಕಾಯುವ ಕೋಣೆಯ ಸ್ಪೀಕರಿನಲ್ಲಿ ತತ್ವಪದಗಳು ಕೇಳಿಬರುತ್ತಿದ್ದವು. ಸದುದ್ದೇಶವೇ ಇರಬೇಕು. ಆದರೆ ನಮ್ಮ ಕಡೆ ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆಯವರು ಹಾಡುವುದು ಅವನ್ನೇ. "ಇದ್ಯಾಕಪ್ಪಾ ಈಗ್ಲೇ ಹಾಡ್ತಾವ್ರೆ?" ಎಂದು ಅಮ್ಮ ನನ್ನ ಕೈ ಹಿಡಿದುಕೊಂಡರು. ರಕ್ತದೊತ್ತಡ ಏರಿದೆಯೆಂದು ಅಂದಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಹಾಡೇ ಕಾರಣವೆಂದು ನಾನು ಸಾಧಿಸಲಾರೆ. ಆದರೆ ರಾಗ, ಲಯ, ಶ್ರುತಿಗಳನ್ನಷ್ಟೇ ನೋಡಿ 'ಶಾಂತ ಸಂಗೀತ'ವೆಂದು ವಿಂಗಡಿಸಿದರೆ ಸಾಲದೆಂಬುದು ಅಂದು ತಿಳಿಯಿತು. ಕೇಳುಗರು ಆ ಹಾಡನ್ನು ಹಿಂದೆ ಎಲ್ಲಿ, ಯಾರ ಜೊತೆ ಕೇಳಿದ್ದರೆಂಬುದೂ ಅದರ ಅರ್ಥದಲ್ಲಿ ಸೇರಿದೆ.

ಹಾಗೆಂದು ಕನ್ನಡದವರಿಗೆ ಕನ್ನಡದ ಹಾಡು ಎಂಬ ಸುಲಭ ಸೂತ್ರವೂ ಈ ಸೀಮೆಯಲ್ಲಿ ನಡೆಯದು. ಕೈವಾರದ ನಾರೇಯಣ ಯತಿಗಳ ಪದಗಳು ಎರಡೂ ಭಾಷೆಗಳಲ್ಲಿವೆ. ಕಲ್ಯಾಣದುರ್ಗ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಜನಿಸಿದ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲಿ 'ಗಾನಕಲೆ' ಬರೆದರು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ರಾಗ ಹೊಂದಿಸಿದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರಿಗೆ ಯಾವ ಹಾಡು ತಮ್ಮದೆನಿಸುತ್ತದೆಂಬುದನ್ನು ದಾಖಲಾತಿ ಚೀಟಿಯಿಂದ ಊಹಿಸಲಾಗದು. ಹಿಂದಿನ ಸಂಜೆಯೇ, ಅವರಿಗೆ ತಿಳಿಯುವ ಮಾತಿನಲ್ಲಿ, ಕೇಳಬೇಕು. ಬೇಡವೆಂದರೆ ನಿಲ್ಲಿಸಬೇಕು. ಕಿವಿಯನ್ನು ಪೂರ್ತಿ ಮುಚ್ಚುವ ಸಾಧನವಂತೂ ಇಲ್ಲಿ ಸಲ್ಲದು: ದಾದಿಯ ತೆಲುಗನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವ ಮುದುಕಿಗೆ ಪ್ರತಿ ಪದವೂ ಸ್ಪಷ್ಟವಾಗಿ ಕೇಳಿಸಬೇಕು.

ಮೂರು ವಾರಗಳ ನಂತರ ಅಮ್ಮ ತಾವೇ ಆಯ್ಕೆ ಮಾಡಿಕೊಂಡರು: ಚಿಕ್ಕಮ್ಮ ಫೋನಿನಲ್ಲಿ ಹಾಡಿ ಕಳಿಸಿದ್ದ ರಾಗಿ ಬೀಸುವ ಪದ. ದಾದಿಗೆ ಕನ್ನಡ ಬಾರದು. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಇಟ್ಟು, ಇನ್ನೊಂದು ಕಿವಿಯ ಬಳಿ ಬಗ್ಗಿ, ಕಣ್ಣು ಅಲುಗಿಸಬಾರದೆಂದು ತೆಲುಗಿನಲ್ಲೇ ನಿಧಾನವಾಗಿ ಹೇಳಿದರು. ಅಮ್ಮ ತಲೆಯಾಡಿಸಿ ಒಳಗೆ ಹೋದರು.