ನಿಮಗಿದು ಗೊತ್ತೆ? ಚಿತ್ತಾಪುರ ಸೀಮೆಯ ಗುಡಿಗಳು

● ಚಿತ್ತಾಪುರದ ಸನಿಹದ ನಾಗಾವಿಯು ಇಂದು ಅರವತ್ತು ಕಂಬದ ಗುಡಿಯಿಂದಲೂ ಯಲ್ಲಮ್ಮನ ಜಾತ್ರೆಯಿಂದಲೂ ಜನಜನಿತವಾಗಿದ್ದರೂ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಘಟಿಕಾಸ್ಥಾನವೆಂಬ ಉನ್ನತ ವಿದ್ಯಾಪೀಠವಾಗಿದ್ದಿತು. ಒಂದನೆಯ ಸೋಮೇಶ್ವರನ ಆಳ್ವಿಕೆಯ 1058ರ ಶಾಸನವು, ಅಲ್ಲಿಯ ಗ್ರಂಥರಕ್ಷಣೆಗೆ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ತಿಳಿಸುತ್ತದೆ.

● ಚಾಲುಕ್ಯ ಶೈಲಿಯ ಗುಡಿಯ ಬಾಗಿಲವಾಡದ ಮೇಲ್ಪಟ್ಟಿಯ ನಡುವೆ, ಇಕ್ಕೆಲದ ಆನೆಗಳು ಸೊಂಡಿಲೆತ್ತಿ ಅಭಿಷೇಕಗೈಯುತ್ತಿರುವ ಗಜಲಕ್ಷ್ಮಿಯು ಕಂಡರೆ, ಅದನ್ನು ಮಳೆಬೆಳೆಗಳ ಸಮೃದ್ಧಿಯ ಸಂಕೇತವೆಂದು ತಿಳಿಯತಕ್ಕದ್ದು.

● ಕಣ್ಣುಗುಡ್ಡೆ ಉಬ್ಬಿಸಿ ಬಾಯ್ದೆರೆದ, ಮೈಯಿಲ್ಲದ ಸಿಂಹಮುಖವೇ ಕೀರ್ತಿಮುಖ. ಹಸಿವಿನಿಂದ ರಾಹುವನ್ನೇ ನುಂಗಹೊರಟು, ಬಳಿಕ ಶಿವನ ಅಪ್ಪಣೆಯಂತೆ ತನ್ನ ಒಡಲನ್ನೇ ತಿಂದು ಮುಗಿಸಿದ ಗಣವೊಂದಕ್ಕೆ, ಆತನು ಮೆಚ್ಚಿ ತನ್ನ ದ್ವಾರದಲ್ಲಿ ಶಾಶ್ವತ ಸ್ಥಾನವನ್ನಿತ್ತನೆಂಬುದು ಪುರಾಣಕಥೆ.

● ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬೆಯ ಗುಡಿಯ ಆವರಣದ ಕಾಳಿಕಾಮಂದಿರದ ಛಾವಣಿಯು 1986ರಲ್ಲಿ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಬ್ರಾಹ್ಮೀಲಿಪಿಯ ಶಾಸನವೆಂಬುದು ಬೆಳಕಿಗೆ ಬಂದಿತು. ವಿಗ್ರಹವನ್ನು ನಿಲ್ಲಿಸಲೆಂದು ಅದರ ನಡುವೆ ಕೊರೆದ ಆಯತಾಕಾರದ ರಂಧ್ರದಿಂದಾಗಿ ಕೆಲವು ಅಕ್ಷರಗಳು ನಷ್ಟವಾಗಿವೆ.