ಗ್ರಾಫೀನ್ ಎಳೆ

ಗ್ರಾಫೀನ್ ಎಳೆ ಎಂಬುದು ಒಂದೇ ಪರಮಾಣುವಿನಷ್ಟು ದಪ್ಪವಿರುವ ಇಂಗಾಲದ ಹಾಳೆಗಳನ್ನು ಒಗ್ಗೂಡಿಸಿ ತಯಾರಿಸುವ ದಾರ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್, ಇಂತಹ ಹಾಳೆಗಳ ಕಟ್ಟು. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಹತ್ತಿಯ ನಾರು ಹುಟ್ಟಿನಿಂದಲೇ ಉದ್ದವಾಗಿದ್ದು ನೂಲಲು ಒದಗುತ್ತದೆ. ಚಪ್ಪಟೆ ಹಾಳೆಯನ್ನು ನೂಲುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ತಯಾರಿಕೆ

ಮೊದಲು ಗ್ರಾಫೈಟನ್ನು ಸಲ್ಫ್ಯೂರಿಕ್ ಆಮ್ಲ ಹಾಗೂ ಪೊಟ್ಯಾಸಿಯಂ ಪರ್ಮಾಂಗನೇಟ್‌ಗಳಿಂದ ಉತ್ಕರ್ಷಿಸಲಾಗುತ್ತದೆ. ಆಗ ಪದರಗಳು ಸಡಿಲಗೊಂಡು, ನೀರಿನಲ್ಲಿ ಬಿಡಿಬಿಡಿ ಗ್ರಾಫೀನ್ ಆಕ್ಸೈಡ್ ಹಾಳೆಗಳಾಗಿ ಹರಡಿಕೊಳ್ಳುತ್ತವೆ. ಅವುಗಳ ಸಾಂದ್ರತೆ ಹೆಚ್ಚಿದಂತೆ ಅಡ್ಡಾದಿಡ್ಡಿಯಾಗಿರಲು ಸ್ಥಳವಿಲ್ಲದೆ, ಕಟ್ಟಿನಲ್ಲಿ ಜೋಡಿಸಿದ ವೀಳ್ಯದೆಲೆಗಳಂತೆ, ತಾವಾಗಿಯೇ ಒಂದೇ ದಿಕ್ಕಿಗೆ ಮುಖಮಾಡುತ್ತವೆ. ದ್ರವದಂತೆ ಹರಿಯುತ್ತಲೇ ಹರಳಿನ ಶಿಸ್ತನ್ನೂ ತೋರುವ ಈ ಸ್ಥಿತಿಗೆ ದ್ರವಸ್ಫಟಿಕ ಎಂದು ಹೆಸರು.

ಈ ದ್ರವವನ್ನು ಸಣ್ಣ ರಂಧ್ರದ ಮೂಲಕ ಹೆಪ್ಪುಗಟ್ಟಿಸುವ ದ್ರಾವಣದೊಳಕ್ಕೆ ಒತ್ತುತ್ತಾರೆ. ಒರಳಿನಿಂದ ಶಾವಿಗೆ ಇಳಿಯುವಂತೆ ಎಳೆ ಇಳಿಯುತ್ತದೆ. ಅದನ್ನು ಎಳೆದು ಒಣಗಿಸಿ, ಬಳಿಕ ರಾಸಾಯನಿಕಗಳಿಂದ ಇಲ್ಲವೆ ತೀವ್ರ ಶಾಖದಿಂದ ಆಕ್ಸಿಜನ್ನನ್ನು ತೆಗೆದರೆ ವಿದ್ಯುತ್ ಹರಿಸಬಲ್ಲ ಗ್ರಾಫೀನ್ ಎಳೆ ದೊರೆಯುತ್ತದೆ. ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದ ಝೆನ್ ಶು ಮತ್ತು ಚಾವೊ ಗಾವೊ 2011ರಲ್ಲಿ ಈ ಮಾರ್ಗವನ್ನು ತೋರಿಸಿಕೊಟ್ಟರು. ಮ್ಯಾಕ್ಸೀನ್ ಎಂಬ ಮತ್ತೊಂದು ಪದರವಸ್ತುವಿನಿಂದಲೂ ಮುಂದೆ ಹೀಗೆಯೇ ಎಳೆ ತೆಗೆಯಲಾಯಿತು.

ಬೆಂಗಳೂರಿನ ಸಂಬಂಧ

ಕಡ್ಡಿಯಾಕಾರದ ಅಣುಗಳಷ್ಟೇ ದ್ರವಸ್ಫಟಿಕವಾಗುತ್ತವೆ ಎಂಬ ನಂಬಿಕೆ ಬಹುಕಾಲ ಪ್ರಬಲವಾಗಿತ್ತು. ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ಹಾಗಾಗಬಲ್ಲವು ಎಂಬುದನ್ನು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಪ್ರಕಟಿಸಿದರು. ಅವರ ಬಿಲ್ಲೆಗಳು ಶಾಖದಿಂದ ಸ್ಥಿತಿ ಬದಲಿಸುವ ಸಣ್ಣ ಅಣುಗಳು. ಗ್ರಾಫೀನ್ ಆಕ್ಸೈಡ್ ನೀರಿನಲ್ಲಿ ತೇಲುವ, ಅವುಗಳಿಗಿಂತ ಬಹುಪಾಲು ಅಗಲವಾದ ಹಾಳೆ. ಆದ್ದರಿಂದ ಎರಡೂ ಒಂದೇ ಅಲ್ಲ. ಆದರೂ ಚಪ್ಪಟೆ ವಸ್ತು ಸಾಲುಗೂಡುವುದೆಂಬ ತತ್ತ್ವದಲ್ಲಿ ಅವು ಬಂಧುಗಳು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಶೋಧಕ್ಕೆ ಇನ್ನಷ್ಟು ಸ್ಥಳ ಸಲ್ಲಬೇಕಿತ್ತು.

ಬಲದ ಸಮಸ್ಯೆ

2008ರ ಮಾಪನದಂತೆ ಒಂಟಿ ಗ್ರಾಫೀನ್ ಹಾಳೆಯ ಬಲ ಸುಮಾರು 130 ಗಿಗಾಪ್ಯಾಸ್ಕಲ್. 2011ರ ಎಳೆಯ ಬಲವಾದರೋ ಸುಮಾರು 140 ಮೆಗಾಪ್ಯಾಸ್ಕಲ್, ಅಂದರೆ ಹಾಳೆಯ ಬಲದ ಸಾವಿರದ ಒಂದು ಪಾಲು. ಕಾರಣವನ್ನು ಲಿಂಗಸುಗೂರು, ಸಿಂಧನೂರು ಕಡೆಯ ಹತ್ತಿ ಬೆಳೆಗಾರರಿಗೆ ವಿವರಿಸುವುದು ಕಷ್ಟವಲ್ಲ. ನೂಲಿನ ಗಟ್ಟಿತನ ಒಂದೊಂದು ನಾರಿನ ಗಟ್ಟಿತನದಿಂದಷ್ಟೇ ಬರುವುದಿಲ್ಲ, ಹುರಿಯಲ್ಲಿ ನಾರುಗಳು ಪರಸ್ಪರ ಹಿಡಿದುಕೊಳ್ಳುವುದರಿಂದ ಬರುತ್ತದೆ. ಗ್ರಾಫೀನ್ ಎಳೆಯಲ್ಲಿ ಹಾಳೆಗಳ ನಡುವಿನ ಹಿಡಿತ ದುರ್ಬಲ. ಜಗ್ಗಿದಾಗ ಹಾಳೆ ಹರಿಯುವ ಮೊದಲೇ ಪದರಗಳು ಜಾರುತ್ತವೆ. ಒಣಗುವಾಗ ಉಂಟಾಗುವ ಸುಕ್ಕು, ಒಳಗುಳಿದ ಪೊಳ್ಳು, ಉತ್ಕರ್ಷಣದಿಂದಾದ ತೂತುಗಳೂ ಬಲವನ್ನು ತಗ್ಗಿಸುತ್ತವೆ. ದೊಡ್ಡ ಹಾಳೆಗಳನ್ನು ಆರಿಸಿ, ಸುಮಾರು 3000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಈ ದೋಷಗಳನ್ನು ತಗ್ಗಿಸಿದಾಗ ಎಳೆಯ ಬಲ 2 ಗಿಗಾಪ್ಯಾಸ್ಕಲ್ ದಾಟಿತು. ಅಷ್ಟು ಶಾಖಕ್ಕೆ ತಗಲುವ ವಿದ್ಯುತ್ತು ಮತ್ತು ವೆಚ್ಚದಿಂದಾಗಿ ಈ ದಾರವಿನ್ನೂ ಮಗ್ಗಕ್ಕಿಂತ ಪ್ರಯೋಗಾಲಯಕ್ಕೇ ಹತ್ತಿರವಾಗಿದೆ.